ದೇವರ ಲೈನಿಗೆ ಮೀಟರ್ ಇಲ್ಲ

ಚಾರ್ಜ್ ಕಂಟ್ರೋಲರನ್ನು ಅಂಗೈಯಲ್ಲಿ ತೂಗಿ ನೋಡಿ ಆರಿಸುವ ವಿದ್ಯೆಯನ್ನು ನನಗೆ ಕಲಿಸಿದವರು ನಮ್ಮ ಓನರ್ ಪುಟ್ಟಸ್ವಾಮಿಯವರು. ಹುಣಸೂರಿನಲ್ಲಿ ಅವರದೊಂದು ಬ್ಯಾಟರಿ ಅಂಗಡಿ. ನಾನು ಮೂವತ್ತೆಂಟು ವರ್ಷ ಅಲ್ಲೇ ದುಡಿದೆ. ಮೊದಲೆಲ್ಲ ಟ್ರ್ಯಾಕ್ಟರ್, ಲಾರಿಗಳ ಬ್ಯಾಟರಿಗೆ ನೀರು ತುಂಬುವುದು, ಸೆಲ್ಫ್ ಸ್ಟಾರ್ಟರ್ ಬಿಚ್ಚುವುದು, ಸತ್ತ ಹಾರನ್ನನ್ನು ಕೂಗಿಸುವುದು ಇಷ್ಟೇ ಕೆಲಸ. ಆಮೇಲೆ ಸೋಲಾರ್ ಬಂತು. ಕರೆಂಟ್ ಕಂಬ ಇಲ್ಲದ ಕಡೆ ದಿನಗಟ್ಟಲೆ ನಿಲ್ಲುವ ಗಾಡಿಗಳಿರುತ್ತವಲ್ಲ, ಬಾತುಕೋಳಿ ಮೇಯಿಸುವವರ ಟೆಂಪೊ, ಜೇನುಪೆಟ್ಟಿಗೆ ಸಾಗಿಸುವ ಲಾರಿ, ಕಾಡಂಚಿಗೆ ಹೋಗುವ ಆಸ್ಪತ್ರೆ ವ್ಯಾನು, ಅವುಗಳ ನೆತ್ತಿಯ ಮೇಲೆ ಪ್ಯಾನಲ್ ಕೂರಿಸುವುದೇ ಕೊನೆಯ ಹದಿನೈದು ವರ್ಷ ನನ್ನ ಕಸುಬಾಯಿತು. ಈಗ ಮನೆಯಲ್ಲಿದ್ದೇನೆ. ಅಂಗಡಿಗೆ ಹೊಸದಾಗಿ ಸೇರಿದವರು ಫೋನ್ ಮಾಡಿ, "ಜವರಣ್ಣ, ಯಾವ ಕಂಟ್ರೋಲರ್ ಹಾಕಣ?" ಎಂದು ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೆ ಹೇಳಿ ಬಾಯಿ ನೋವು ಬರಿಸಿಕೊಳ್ಳುವುದಕ್ಕಿಂತ ಬರೆದೇಬಿಡೋಣ ಅಂತ ಕೂತಿದ್ದೇನೆ.

ಪ್ಯಾನಲ್ಲಿಗೂ ಬ್ಯಾಟರಿಗೂ ನಡುವೆ ಕೂತು, ಬಿಸಿಲಿನಿಂದ ಬಂದದ್ದನ್ನು ಬ್ಯಾಟರಿಗೆ ಹದವಾಗಿ ಉಣಿಸುವ ಡಬ್ಬಿಯೇ ಕಂಟ್ರೋಲರ್. ಅದರಲ್ಲಿ ಎರಡು ಬಗೆ. ಪಿಡಬ್ಲ್ಯುಎಂ ಎಂಬುದು ಅಗ್ಗ, ಒಂದೆರಡು ದೀಪದ ಸಣ್ಣ ಕೆಲಸಕ್ಕೆ ಧಾರಾಳ ಸಾಕು. ಎಂಪಿಪಿಟಿ ಎಂಬುದು ದುಬಾರಿ. ಮೋಡವಿರಲಿ, ಎಳೆಬಿಸಿಲಿರಲಿ, ಪ್ಯಾನಲ್ ಕೊಡಬಹುದಾದಷ್ಟನ್ನೂ ಹಿಂಡಿ ತೆಗೆಯುತ್ತದೆ. ಅದರೊಳಗೆ ತಾಮ್ರದ ಸುರುಳಿ ಇರುವುದರಿಂದ ತೂಕವೂ ಜಾಸ್ತಿ. ಹಾಗಾಗಿ ಪುಟ್ಟಸ್ವಾಮಿಯವರು ಡಬ್ಬಿಯನ್ನು ಎಡಗೈಯಲ್ಲಿಟ್ಟು ಮೇಲೆ ಕೆಳಗೆ ಆಡಿಸಿ, ಕಣ್ಣು ಮುಚ್ಚಿ, "ಇದು ಅಸ್ಲಿ ಕಣ್ಲಾ ಜವರ" ಎಂದು ತೀರ್ಪು ಕೊಡುತ್ತಿದ್ದರು. ಅವರು ಅಸಲಿ ಅಂದದ್ದನ್ನು ನಾನು ಕಣ್ಣಿಗೊತ್ತಿಕೊಂಡು ಗಾಡಿಗೆ ಬಿಗಿಯುತ್ತಿದ್ದೆ. ಅಂಥದ್ದೊಂದು ಅಸಲಿ ಡಬ್ಬಿ ಪಿರಿಯಾಪಟ್ಟಣದ ಹಾರನಹಳ್ಳಿ ಕಡೆಯ ಜೇನು ಲಾರಿಯಿಂದ ಸುಟ್ಟು ವಾಪಸ್ ಬಂತು. ಬಿಚ್ಚಿ ನೋಡಿದರೆ ಒಳಗೆ ಅಗ್ಗದ ಬೋರ್ಡು, ಅದರ ಪಕ್ಕದಲ್ಲಿ ತೂಕಕ್ಕೆಂದೇ ಅಂಟಿಸಿದ ಸಿಮೆಂಟಿನ ತುಂಡು. ತಂದು ಓನರ್ ಮುಂದೆ ಇಟ್ಟೆ. ಅವರು ಆ ತುಂಡನ್ನೂ ಅಂಗೈಯಲ್ಲಿ ತೂಗಿ ನೋಡಿ, "ಸಿಮೆಂಟೇನೋ ಒಳ್ಳೇದೇ ಹಾಕವ್ನೆ" ಎಂದರು.

ಆದ್ದರಿಂದ ತೂಕ ನೋಡಬೇಡಿ. ಪ್ಯಾನಲ್ ಹಿಂದೆ ಅಂಟಿಸಿರುವ ಚೀಟಿ ಓದಿ. ಎಷ್ಟು ವೋಲ್ಟ್, ಎಷ್ಟು ಆಂಪ್ ಎಂದು ನೋಡಿಕೊಂಡು, ಅದಕ್ಕಿಂತ ಒಂದು ಕೈ ಮೇಲಿರುವ ಕಂಟ್ರೋಲರ್ ತನ್ನಿ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಚಳಿಗಾಲದ ಬೆಳಿಗ್ಗೆ ಪ್ಯಾನಲ್ ತಣ್ಣಗಿರುವುದರಿಂದ ಅದರ ವೋಲ್ಟು ಚೀಟಿಯಲ್ಲಿ ಬರೆದುದಕ್ಕಿಂತ ಮೇಲೆ ಏರುತ್ತದೆ. ಬಿಸಿಲು ಕಡಿಮೆ, ವೋಲ್ಟು ಹೆಂಗೆ ಹೆಚ್ಚು ಎಂದು ನಾನೂ ನಗಾಡಿದ್ದೆ. ಎರಡು ಡಬ್ಬಿ ಸುಟ್ಟ ಮೇಲೆ ನಗು ನಿಂತಿತು. ಬ್ಯಾಟರಿ ಯಾವ ಬಗೆಯದು ಅಂತ ಕಂಟ್ರೋಲರಿಗೆ ಹೇಳಿಕೊಡುವ ಬಟನ್ ಒಂದಿರುತ್ತದೆ, ಅದನ್ನು ಮರೆಯಬೇಡಿ. ನೀರು ಹಾಕುವ ಬ್ಯಾಟರಿಯ ಊಟವೇ ಬೇರೆ, ಲಿಥಿಯಂ ಬ್ಯಾಟರಿಯ ಊಟವೇ ಬೇರೆ.

ಇನ್ನೊಂದು ಮಾತು. ಜೋಡಿಸುವಾಗ ಮೊದಲು ಬ್ಯಾಟರಿಯ ವೈರ್, ಆಮೇಲೆ ಪ್ಯಾನಲ್ಲಿನ ವೈರ್. ಇದನ್ನು ನಾನು ಪುಸ್ತಕದಲ್ಲಿ ಕಲಿತದ್ದಲ್ಲ. ಕೆ.ಆರ್. ನಗರದ ಚುಂಚನಕಟ್ಟೆಯಲ್ಲಿ, ಕುಯ್ಲಾದ ಭತ್ತದ ಗದ್ದೆಯಲ್ಲಿ ಬಾತುಕೋಳಿ ಮೇಯಿಸುತ್ತಿದ್ದ ಮುತ್ತಯ್ಯನ ಟೆಂಪೊ ಮೇಲೆ ಹತ್ತಿ ಕಲಿತೆ. ನಡು ಮಧ್ಯಾಹ್ನ. ಊಟದ ಅವಸರದಲ್ಲಿ ಪ್ಯಾನಲ್ಲನ್ನೇ ಮೊದಲು ಸಿಕ್ಕಿಸಿದೆ. ಬಂದ ಕರೆಂಟನ್ನು ಇಳಿಸಲು ಬ್ಯಾಟರಿ ಸಿಗದೆ ಡಬ್ಬಿಗೆ ತಲೆ ಕೆಟ್ಟು ಹೊಗೆ ಬಿಟ್ಟಿತು. ಕೆಳಗೆ ನಿಂತಿದ್ದ ಮುತ್ತಯ್ಯ ಅದೂ ಒಂದು ಶಾಸ್ತ್ರ ಅಂದುಕೊಂಡು ಕೈಮುಗಿದ. "ಧೂಪ ಆಯ್ತಲ್ಲ ಸ್ವಾಮಿ, ಇನ್ನ ದೀಪ ಹಚ್ಚುಬುಡಿ" ಎಂದ. ನಾನು ಇಳಿದು ಬಂದು ಕೆಲಸದ ಚೀಟಿಯಲ್ಲಿ 'ಲೂಸ್ ಕಾಂಟ್ಯಾಕ್ಟ್' ಎಂದು ಬರೆದೆ. ನಮ್ಮ ಕಸುಬಿನಲ್ಲಿ ನಾವು ಮಾಡಿದ ತಪ್ಪಿಗೆಲ್ಲ ಅದೇ ಹೆಸರು. ನೀವೂ ಬರೆಯುತ್ತೀರಿ, ನನಗೆ ಗೊತ್ತು.

ಇಷ್ಟು ಕಲಿತುಕೊಂಡು ನಾನೊಬ್ಬ ಪಂಡಿತ ಎಂದು ಬೀಗುತ್ತಿದ್ದ ಕಾಲದಲ್ಲಿ ಆ ಆಸ್ಪತ್ರೆ ವ್ಯಾನು ನನ್ನ ಕೈಗೆ ಬಂತು. ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಸಣ್ಣದೊಂದು ಸೇವಾ ಸಂಸ್ಥೆಯ ಆಸ್ಪತ್ರೆ. ಅಲ್ಲಿಂದ ವ್ಯಾನು ಹೊರಟರೆ ಕಾಡಂಚಿನ ಹಾಡಿಗಳಲ್ಲಿ, ಅಂದರೆ ಬುಡಕಟ್ಟಿನವರ ಕೇರಿಗಳಲ್ಲಿ, ಮೂರು ದಿನ ಇದ್ದು ಬರುತ್ತದೆ. ವ್ಯಾನಿನೊಳಗೆ ಮಕ್ಕಳ ಲಸಿಕೆ ಇಡುವ ಸಣ್ಣ ಫ್ರಿಜ್ಜು, ಅದಕ್ಕೊಂದು ಬ್ಯಾಟರಿ, ಮೇಲೆ ಎರಡು ಪ್ಯಾನಲ್. ನರ್ಸ್ ಸರೋಜಮ್ಮ, ಎಲ್ಲರ ಬಾಯಲ್ಲೂ ಸಿಸ್ಟರ್. ಡ್ರೈವರ್ ಕೆಂಚಣ್ಣ, ಚಾಮುಂಡಿ ಅಮ್ಮನ ಪರಮ ಭಕ್ತ, ಟೀಯ ಪರಮ ಭಕ್ತ. ಆಸ್ಪತ್ರೆಯ ಡಾಕ್ಟರು ಮಾತು ಕಮ್ಮಿ, ಕಾಗದ ಜಾಸ್ತಿ ಎನ್ನುವ ಮನುಷ್ಯರು. ಎಲ್ಲಕ್ಕೂ ಒಂದು ರಿಜಿಸ್ಟರು.

ಕಂಟ್ರೋಲರ್ ಆರಿಸುವುದರಲ್ಲಿ ಸರಿಯಾಗೇ ಮಾಡಿದೆ. ಮರದ ನೆರಳು, ಮೋಡ ಎಲ್ಲ ಯೋಚಿಸಿ ಒಳ್ಳೆಯ ಎಂಪಿಪಿಟಿಯನ್ನೇ ಹಾಕಿದೆ. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುವ ಮಾನಿಟರ್ ಆರಿಸುವಾಗ ಇನ್ನೂ ಜಾಣತನ ತೋರಿಸಿದೆ. ಕೆಂಪು, ಹಳದಿ, ಹಸಿರು ದೀಪ ಮಿಣುಕುವ ಅಗ್ಗದ್ದು ಬರೀ ವೋಲ್ಟು ನೋಡುತ್ತದೆ. ಬಿಸಿಲಿದ್ದಾಗ ಖಾಲಿ ಬ್ಯಾಟರಿಯನ್ನೂ ತುಂಬಿದೆ ಎನ್ನುತ್ತದೆ, ಫ್ರಿಜ್ಜು ಓಡುವಾಗ ತುಂಬಿದ್ದನ್ನೂ ಖಾಲಿ ಎನ್ನುತ್ತದೆ. ಅದು ಬೇಡವೆಂದು ಶಂಟ್ ಇರುವ ಮಾನಿಟರ್ ತರಿಸಿದೆ. ಶಂಟ್ ಅಂದರೆ ಬ್ಯಾಟರಿಯ ನೆಗೆಟಿವ್ ದಾರಿಯಲ್ಲಿ ಕೂರಿಸುವ ಲೋಹದ ತುಂಡು. ಟೆಂಟ್ ಸಿನಿಮಾದ ಬಾಗಿಲಲ್ಲಿ ಟಿಕೆಟ್ ಹರಿಯುವವನಂತೆ ಅದು ಒಳಗೆ ಬಂದ ಕರೆಂಟನ್ನೂ ಹೊರಗೆ ಹೋದ ಕರೆಂಟನ್ನೂ ಎಣಿಸಿ, ಇಷ್ಟು ಪರ್ಸೆಂಟ್ ಉಳಿದಿದೆ ಎಂದು ತೋರಿಸುತ್ತದೆ. ಎಲ್ಲ ವೈರುಗಳೂ ಅದರ ಮೂಲಕವೇ ಹೋಗಬೇಕು. ಟೆಂಟಿನ ಹಿಂದಿನ ಪರದೆ ಎತ್ತಿ ನುಸುಳಿದವರ ಲೆಕ್ಕ ಅದಕ್ಕೆ ಸಿಗುವುದಿಲ್ಲ.

"ಸಿಸ್ಟರ್, ಬೇರೆ ಯಾವ್ದೂ ನೋಡ್ಬೇಡಿ. ಈ ಪರ್ಸೆಂಟ್ ಒಂದು ನೋಡಿ ಬರ್ಕೊಳಿ. ಐವತ್ತಕ್ಕಿಂತ ಕೆಳುಗ್ ಬಂದ್ರೆ ನಂಗೆ ಫೋನ್ ಮಾಡಿ" ಎಂದೆ.

"ಅಷ್ಟು ನಂಬಬೋದಾ ಜವರಣ್ಣ?"

"ನನ್ನನ್ನ ನಂಬ್ದೆ ಇದ್ರೂ ಇದನ್ನ ನಂಬಿ."

ಸಿಸ್ಟರ್ ಅಂದಿನಿಂದ ದಿನಾ ಬೆಳಿಗ್ಗೆ ಸಂಜೆ ರಿಜಿಸ್ಟರಿನಲ್ಲಿ ಪರ್ಸೆಂಟ್ ಬರೆದರು. ಒಂದು ದಿನವೂ ತಪ್ಪಿಸಲಿಲ್ಲ.

ಆಯುಧಪೂಜೆ ಬಂತು. ವ್ಯಾನು ತೊಳೆಯುವ ದಿನ ನಾನೂ ಸರ್ವಿಸಿಗೆಂದು ಹೋಗಿದ್ದೆ. ಕೆಂಚಣ್ಣ ಡ್ಯಾಶ್‌ಬೋರ್ಡಿನ ಮೇಲಿದ್ದ ಅಮ್ಮನ ಫೋಟೊಗೆ ಒಂದು ಪುಟ್ಟ ದೀಪ ಬೇಕು, ಅದು ಯಾವತ್ತೂ ಆರಬಾರದು ಎಂದ. ಇನ್ನೇನು, ಒಂದು ಎಲ್ಇಡಿ ತಾನೆ ಎಂದು ವೈರ್ ಎಳೆದು ಶಂಟಿನ ಕಡೆಗೆ ಒಯ್ದೆ. ಕೆಂಚಣ್ಣ ಕೈ ಅಡ್ಡ ಹಿಡಿದ.

"ಇದ್ರಾಗೋದ್ರೆ ಮೀಟ್ರಲ್ಲಿ ಕಾಣ್ತದಾ?"

"ಕಾಣ್ದೆ ಏನ್ಲಾ? ಎಲ್ಲಾ ಕಾಣ್ತದೆ."

"ಥೂ, ದ್ಯಾವ್ರ ದೀಪುಕ್ಕೂ ಮೀಟ್ರಾ? ನಿಮ್ಮನೇಲಿ ಅಮ್ಮುಂಗೆ ಎಣ್ಣೆ ಅಳ್ದು ಉಯ್ತೀಯಾ ಜವರಣ್ಣ? ಬ್ಯಾಡ ಕಣಣ್ಣ. ನೇರ ಕೊಟ್ಬುಡು."

ನನಗೂ ಹೌದೆನ್ನಿಸಿತು. ನಮ್ಮ ಮನೆಯಲ್ಲಿ ದೇವರ ದೀಪಕ್ಕೆ ಸುರಿದ ಎಣ್ಣೆಯನ್ನು ಯಾರೂ ಎಣಿಸಿದವರಿಲ್ಲ. ಅದಲ್ಲದೆ ಬೆರಳ ತುದಿಯಷ್ಟು ದೀಪ. ಅದು ಎಷ್ಟು ಕುಡಿದೀತು? ಶಂಟನ್ನು ಬಿಟ್ಟು ನೇರವಾಗಿ ಬ್ಯಾಟರಿಯ ಬೋಲ್ಟಿಗೇ ವೈರ್ ಬಿಗಿದೆ. ಗುರುತಿಗಿರಲಿ ಎಂದು ಕೆಂಪು ಟೇಪ್ ಸುತ್ತಿದೆ. "ಇದು ದೇವ್ರ ಲೈನು ಕಣ್ಲಾ ಕೆಂಚ, ಇದುಕ್ಕೆ ಮೀಟ್ರಿಲ್ಲ" ಎಂದು ನಾನೇ ಹೆಸರೂ ಇಟ್ಟೆ. ಕೆಂಚಣ್ಣ ಮೊದಲ ಬೂದುಗುಂಬಳಕಾಯಿಯನ್ನು ನನ್ನ ಕೈಲೇ ಒಡೆಸಿದ. ಎರಡು ತಟ್ಟೆ ಪುಳಿಯೋಗರೆ ತಿಂದು ಬಸ್ಸು ಹತ್ತಿದೆ.

ಒಂದೂವರೆ ತಿಂಗಳಾದ ಮೇಲೆ ಪ್ಯಾನಲ್ ಒರೆಸಲು ಹೋದಾಗ ಕೆಂಚಣ್ಣ ವ್ಯಾನಿನೊಳಗೇ ಬಿಸಿಬಿಸಿ ಟೀ ಮಾಡಿ ಕೊಟ್ಟ. ಶುಂಠಿ ಜಜ್ಜಿ ಹಾಕಿದ್ದ. ಎರಡು ಲೋಟ ಕುಡಿದೆ. ಕಾಡಿನ ಪಕ್ಕ, ಒಲೆಯಿಲ್ಲ, ಸ್ಟೌವಿಲ್ಲ, ಈ ಟೀ ಎಲ್ಲಿಂದ ಬಂತು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಮಾನಿಟರ್ ನೋಡಿದೆ. ತೊಂಬತ್ತೆಂಟು ಪರ್ಸೆಂಟ್. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಬಂದೆ.

ಆಮೇಲೆ ಮೂರು ದಿನ ಬಿಡದೆ ಮೋಡ ಕವಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಡಾಕ್ಟರಿಂದ ಅಂಗಡಿಗೆ ಫೋನು. ಓನರ್ ನನ್ನನ್ನು ಕೂಡಲೇ ಕಳಿಸಿದರು. ಹ್ಯಾಂಡ್‌ಪೋಸ್ಟಿಗೆ ಹೋಗುವಷ್ಟರಲ್ಲಿ ವ್ಯಾನು ಹಾಡಿಯಿಂದ ವಾಪಸ್ ಬಂದು ನಿಂತಿತ್ತು. ನಡೆದದ್ದಿಷ್ಟು. ಹಿಂದಿನ ದಿನ ಹಾಡಿಯಲ್ಲಿ ಮೂವತ್ತಕ್ಕೂ ಹೆಚ್ಚು ತಾಯಂದಿರು ಕೂಲಿ ಬಿಟ್ಟು, ಮಕ್ಕಳನ್ನೆತ್ತಿಕೊಂಡು ಬಂದು ಸಾಲಾಗಿ ಕೂತಿದ್ದರು. ಸಿಸ್ಟರ್ ಫ್ರಿಜ್ಜಿನ ಬಾಗಿಲು ತೆಗೆದರೆ ಒಳಗೆ ಬೆಚ್ಚಗಿತ್ತು. ಲಸಿಕೆಯ ಸೀಸೆಯ ಮೇಲೆ ಒಂದು ಗುರುತಿರುತ್ತದೆ. ಔಷಧಿ ಕಾವಿಗೆ ಕೆಟ್ಟರೆ ಅದರ ಬಣ್ಣ ಕಪ್ಪಾಗುತ್ತದೆ. ಎಲ್ಲವೂ ಕಪ್ಪಾಗಿದ್ದವು. ಸಿಸ್ಟರ್ ಒಂದು ಮಗುವಿಗೂ ಚುಚ್ಚದೆ, "ಔಷ್ದಿ ಕೆಟ್ಟೋಗದೆ, ಇವತ್ತು ಆಗಲ್ಲ" ಎಂದು ಎಲ್ಲರನ್ನೂ ವಾಪಸ್ ಕಳಿಸಿದರು. ಆದರೆ ರಿಜಿಸ್ಟರಿನಲ್ಲಿ ಆ ಬೆಳಗಿನ ಪರ್ಸೆಂಟ್ ತೊಂಬತ್ತಾರು ಎಂದಿತ್ತು, ಅವರದೇ ಕೈಬರಹದಲ್ಲಿ.

ನಾನು ವ್ಯಾನಿನ ಸೀಟ್ ಎತ್ತಿ ಕೆಳಗೆ ಬಗ್ಗಿದೆ. ನೋಡಿದೊಡನೆ ಗೊತ್ತಾಯಿತು. ನನ್ನ ಕೆಂಪು ಟೇಪಿನ ದೇವರ ಲೈನಿಗೆ ಒಂದು ಫ್ಯಾನು, ಹಾಡಿಯವರ ಮೊಬೈಲ್ ಚಾರ್ಜ್ ಮಾಡಲು ಒಂದು ಗೊಂಚಲು ವೈರು, ತಾಯಂದಿರನ್ನು ಕೂಗಿ ಕರೆಯುವ ಮೈಕು, ಎಲ್ಲಕ್ಕಿಂತ ದೊಡ್ಡ ಕುಡುಕ ಟೀ ಕೆಟಲ್, ಎಲ್ಲವೂ ತಗುಲಿಕೊಂಡಿದ್ದವು. ಕೆಂಚಣ್ಣ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ:

"ಅವು ಯಾವೂ ಬ್ಯಾಟ್ರಿ ಕುಡಿಯಕ್ಕಿಲ್ಲ ಕಣಣ್ಣ. ದ್ಯಾವ್ರ ಲೈನಲ್ವಾ? ಎಷ್ಟು ಆಕುದ್ರೂ ಮೀಟ್ರು ಅಳ್ಳಾಡಕ್ಕಿಲ್ಲ. ನಾ ನೋಡೇ ಆಕಿರದು."

ನೋಡಿಯೇ ಹಾಕಿದ್ದ, ಪಾಪ. ಮೀಟರ್ ಅಲ್ಲಾಡದಿದ್ದರೆ ಖರ್ಚೇ ಇಲ್ಲ ಎಂದು ಅವನು ತಿಳಿದದ್ದರಲ್ಲಿ ತಪ್ಪೇನು? ಪರ್ಸೆಂಟೊಂದನ್ನೇ ನಂಬಿ ಎಂದು ಊರಿಗೆಲ್ಲ ಸಾರಿದವನು ನಾನೇ ಅಲ್ಲವೆ? ಹೊರಗೆ ಡಾಕ್ಟರು ನಿಂತಿದ್ದರು. "ಏನ್ರೀ ಜವರಯ್ಯ, ಏನಾಗಿದೆ?" ಎಂದರು. ನನ್ನ ಬಾಯಿಂದ ಆ ಹಳೆಯ ಮಾತೇ ಬಂತು.

"ಲೂಸ್ ಕಾಂಟ್ಯಾಕ್ಟ್ ಸಾರ್."

ಹೇಳಿ, ಕೆಟಲ್, ಫ್ಯಾನು ಎಲ್ಲವನ್ನೂ ಕಿತ್ತು ಸೀಟಿನ ಕೆಳಗೆ ತುರುಕಿ, ಬ್ಯಾಟರಿ ಚಾರ್ಜಿಗೆ ಹಾಕಿ, ಹುಣಸೂರಿಗೆ ಬಂದುಬಿಟ್ಟೆ. ಬಸ್ಸಿನಲ್ಲಿ ಕೂತು ನನ್ನ ಚುರುಕು ನನಗೇ ಮೆಚ್ಚುಗೆಯಾಯಿತು. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ಹಾಗೇ ಆಯಿತು.

ಎರಡು ದಿನ ಬಿಟ್ಟು ಸಿಸ್ಟರ್ ಫೋನ್ ಮಾಡಿದರು. ಡಾಕ್ಟರು ಅವರಿಗೆ ನೋಟಿಸು ಕೊಟ್ಟಿದ್ದರಂತೆ. ಬ್ಯಾಟರಿ ಖಾಲಿಯಾಗಿದ್ದರೂ ಮಾನಿಟರ್ ನೋಡದೆ, ಕೂತಲ್ಲೇ ತೊಂಬತ್ತಾರು ಎಂದು ಸುಳ್ಳು ಬರೆದಿದ್ದೀರಿ, ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂದು. ಸಿಸ್ಟರ್ ಅಳಲಿಲ್ಲ, ಬೈಯಲಿಲ್ಲ.

"ಜವರಣ್ಣ, ನಾನು ದಿನಾ ನೋಡೇ ಬರ್ದಿದೀನಿ. ಯಾರೂ ನಂಬ್ತಿಲ್ಲ. ನೀವೊಬ್ರಾದ್ರೂ ನಂಬ್ತೀರಾ?"

"ನಂಬ್ತೀನಿ ಸಿಸ್ಟರ್" ಎಂದೆ. ಫೋನ್ ಇಟ್ಟೆ. ಆ ಹೆಣ್ಣುಮಗಳು ಸತ್ಯವನ್ನೇ ಬರೆದಿದ್ದಳು, ಆ ಸತ್ಯವನ್ನು ಸುಳ್ಳು ಮಾಡಿದವನು ನಾನು. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಓನರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಗಡ್ಡ ಕೆರೆದುಕೊಂಡು, "ಅಲ್ಕಣ್ಲಾ ಜವರ, ಚಾಮುಂಡಿ ಅಮ್ಮುನ್ನೇ ಕಳ್ಳೀನ್ ಮಾಡ್ಬುಟ್ಯಲ್ಲೋ. ವೋಗು, ವೋಗಿ ಒಪ್ಕಬಾ. ಅಂಗ್ಡಿ ಎಸ್ರು ವೋದ್ರೆ ವೋಯ್ತದೆ" ಎಂದರು. ತೂಕ ನೋಡಿ ಡಬ್ಬಿ ಕೊಳ್ಳುವ ಮನುಷ್ಯನ ಬಾಯಲ್ಲಿ ಆ ಮಾತು ಬಂದದ್ದಕ್ಕೆ ಇವತ್ತಿಗೂ ಅವರ ಮೇಲೆ ನನಗೆ ಗೌರವ.

ಮಾರನೆಯ ದಿನ ಬೆಳಗಿನ ಬಸ್ಸಿಗೆ ಹ್ಯಾಂಡ್‌ಪೋಸ್ಟಿಗೆ ಹೋದೆ. ಡಾಕ್ಟರನ್ನೂ ಸಿಸ್ಟರನ್ನೂ ವ್ಯಾನಿನ ಹತ್ತಿರ ಕರೆದೆ. ಕೆಂಚಣ್ಣನಿಗೆ ಕೆಟಲ್ ತರಲು ಹೇಳಿದೆ. ಅವನು ಅದನ್ನು ಸೀಟಿನ ಕೆಳಗಿಂದ ತೆಗೆಯುವಾಗ ಮುಖ ಎಲ್ಲೋ ಇಟ್ಟುಕೊಂಡಿದ್ದ. ದೇವರ ಲೈನಿಗೆ ಕೆಟಲ್ ಸಿಕ್ಕಿಸಿ, ನೀರು ತುಂಬಿ, ಸ್ವಿಚ್ ಹಾಕಿ, ಅದು ಸದ್ದು ಮಾಡುವವರೆಗೆ ಕಾದೆ.

"ಸಾರ್, ಮಾನಿಟರ್ ನೋಡಿ. ಎಷ್ಟು ಆಂಪ್ ಓಯ್ತಾ ಅದೆ?"

"ಸೊನ್ನೆ ಅಂತಿದೆ."

"ನೀರು ನೋಡಿ."

ನೀರು ಕುದಿಯಲು ಶುರುವಾಗಿತ್ತು. ಡಾಕ್ಟರು ಒಮ್ಮೆ ಕೆಟಲ್ ನೋಡಿದರು, ಒಮ್ಮೆ ಮಾನಿಟರ್ ನೋಡಿದರು. ಅದು ತೊಂಬತ್ತೊಂಬತ್ತು ಪರ್ಸೆಂಟ್ ಎಂದು ಹಲ್ಲು ಕಿರಿಯುತ್ತಿತ್ತು.

"ಸಿಸ್ಟರ್ ನೋಡಿದ್ದನ್ನೇ ಬರ್ದವ್ರೆ ಸಾರ್. ಸುಳ್ಳು ಹೇಳಿದ್ದು ಮೀಟ್ರು. ಮೀಟ್ರು ಸುಳ್ಳು ಹೇಳಂಗೆ ವೈರ್ ಕೊಟ್ಟೋನು ನಾನು. ಮೊನ್ನೆ ಕಣ್ಣಾರ ಕಂಡೂ ಲೂಸ್ ಕಾಂಟ್ಯಾಕ್ಟ್ ಅಂದೋನೂ ನಾನೇ."

ಡಾಕ್ಟರು ಎಂದಿನಂತೆ ಬರೆದುಕೊಡಿ ಎಂದರು. ಬರೆದುಕೊಟ್ಟೆ. ನೋಟಿಸು ವಾಪಸ್ಸಾಯಿತು. ಕುದಿದ ನೀರು ಸುಮ್ಮನೆ ಹಾಳಾಗಬಾರದೆಂದು ಕೆಂಚಣ್ಣ ಅದಕ್ಕೆ ಟೀ ಪುಡಿ ಹಾಕಲು ಹೊರಟಾಗ ಡಾಕ್ಟರು ಅವನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಅಮ್ಮನ ದೀಪಕ್ಕೆ ಅಂಗೈಯಗಲದ ಬೇರೆ ಪ್ಯಾನಲ್, ಬೆಂಕಿಪೊಟ್ಟಣದಷ್ಟು ಬೇರೆ ಬ್ಯಾಟರಿ ಕೊಟ್ಟೆ. ಅಮ್ಮನಿಗೆ ಸ್ವಂತ ಸಂಸಾರವಾಯಿತು ಎಂದು ಕೆಂಚಣ್ಣನಿಗೂ ಸಮಾಧಾನ. ಉಳಿದ ವೈರುಗಳನ್ನೆಲ್ಲ ಶಂಟಿನ ಮೂಲಕವೇ ಹಾಯಿಸಿ, ಬ್ಯಾಟರಿ ಬೋಲ್ಟಿಗೆ ಯಾರೂ ಸ್ಪ್ಯಾನರ್ ಹಾಕದಂತೆ ಮುಚ್ಚಳ ಜಡಿದೆ. ನೀವು ಕೆಲಸ ಮುಗಿಸಿದ ಮೇಲೆ ಬ್ಯಾಟರಿಯ ನೆಗೆಟಿವ್ ಬೋಲ್ಟಿಗೆ ಶಂಟಿನದೊಂದೇ ವೈರ್ ಇದೆಯೇ ಎಂದು ಮುಟ್ಟಿ ನೋಡಿ. ಪರ್ಸೆಂಟಿನ ಜೊತೆಗೆ ವೋಲ್ಟನ್ನೂ ಬರೆದಿಡಲು ಹೇಳಿ. ಎರಡೂ ಒಂದನ್ನೊಂದು ಒಪ್ಪದಿದ್ದರೆ ಎಲ್ಲೋ ಯಾರೋ ಟೀ ಕಾಯಿಸುತ್ತಿದ್ದಾರೆ.

ಎಲ್ಲ ಮುಗಿಯಿತು ಎಂದು ಚೀಲ ಹೆಗಲಿಗೇರಿಸುವಾಗ ಸಿಸ್ಟರ್ ದಾರಿಗಡ್ಡ ನಿಂತರು.

"ಎಲ್ಲಿಗ್ರೀ ಹೊರಟ್ರಿ? ನೋಟಿಸೇನೋ ಹೋಯ್ತು. ಹಾಡಿಯವ್ರು ನನ್ ಹತ್ರ ಬರ್ತಿಲ್ವಲ್ಲ. ಇಷ್ಟು ದಿನ ಚುಚ್ಚಿದ್ದೂ ಕೆಟ್ಟ ಔಷ್ದೀನೇ ಅಂತ ಮಾತಾಡ್ಕೋತಿದಾರೆ. ಒಬ್ಬೊಬ್ಬ ತಾಯೀನ ಒಪ್ಸಕ್ಕೆ ನನಗೆ ಆರು ವರ್ಷ ಹಿಡಿದಿದೆ ಜವರಣ್ಣ. ಡಾಕ್ಟರ ಮುಂದೆ ಹೇಳಿದ್ರಲ್ಲ, ಅದನ್ನ ಅವ್ರ ಮುಂದೆ ಬಂದು ಹೇಳಿ."

ಆಗ ಅವರ ಕಣ್ಣಲ್ಲಿ ನೀರಿತ್ತು. ಕೆಲಸ ಹೋಗುತ್ತದೆ ಎಂದಾಗ ಬಾರದ ನೀರು. ಬರುತ್ತೇನೆ ಎಂದೆ.

ಹೊಸ ಲಸಿಕೆ ತುಂಬಿಕೊಂಡು ವ್ಯಾನು ಹಾಡಿಗೆ ಹೋದಾಗ ನಾನೂ ಹೋದೆ. ಮೈಕಿನಲ್ಲಿ ಎಷ್ಟು ಕೂಗಿದರೂ ತಾಯಂದಿರು ದೂರದ ಮರದ ಕೆಳಗೇ ಕೂತರು. ಅವರ ಮುಂದೆ ಮಾರಮ್ಮಜ್ಜಿ ಎಂಬ ಮುದುಕಿ, ಮಡಿಲಲ್ಲಿ ಮೊಮ್ಮಗ. ಹಾಡಿಯಲ್ಲಿ ಅವಳು ಹೂಂ ಅಂದರೆ ಹೂಂ. ನಾನು ಹೋಗಿ ನಿಂತು, ಔಷಧಿ ಕೆಡಿಸಿದ್ದು ಸಿಸ್ಟರ್ ಅಲ್ಲ, ನಾನು, ಕೆಟ್ಟದ್ದು ಗೊತ್ತಾಗಿದ್ದಕ್ಕೇ ಅವರು ನಿಮ್ಮ ಮಕ್ಕಳಿಗೆ ಚುಚ್ಚದೆ ಕಳಿಸಿದ್ದು ಎಂದು ಹೇಳಿದೆ. ಮಾರಮ್ಮಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಈಗ ತಂದಿರದು ಚೆನ್ನಾಗದಾ?"

"ಚೆನ್ನಾಗದೆ ಕಣವ್ವ."

"ಅಂಗಾರೆ ಮೊದ್ಲು ನೀ ಚುಚ್ಚುಸ್ಕ."

ನಾನು ಸಿಸ್ಟರ್ ಕಡೆ ನೋಡಿದೆ, ಮಕ್ಕಳ ಲಸಿಕೆ ಮುದುಕನಿಗೆ ಹಾಕುವಂತಿಲ್ಲ ಎನ್ನುತ್ತಾರೆ ಎಂಬ ಧೈರ್ಯದಿಂದ. ಸಿಸ್ಟರ್ ನಗು ತಡೆದುಕೊಂಡು, "ತುಕ್ಕು ಕಬ್ಬಿಣದಲ್ಲೇ ಕೈಯಾಡ್ಸೋರು ನೀವು. ಧನುರ್ವಾಯು ಇಂಜೆಕ್ಷನ್ ಯಾವಾಗ ತಗೊಂಡ್ರಿ?" ಎಂದರು. ಜ್ಞಾಪಕವಿಲ್ಲ ಎಂದೆ. "ಅದೂ ಇದೇ ಫ್ರಿಜ್ಜಲ್ಲಿದೆ" ಎಂದು ಆಗಲೇ ಸೂಜಿ ತೆಗೆದಿದ್ದರು.

ಇನ್ನೂರು ಆಂಪಿನ ಬ್ಯಾಟರಿಯನ್ನು ಒಬ್ಬನೇ ಎತ್ತಿದವನು ನಾನು. ಸೂಜಿ ಕಂಡರೆ ಮಾತ್ರ ಮೊದಲಿಂದಲೂ ಆಗದು. ಕಣ್ಣು ಮುಚ್ಚಿದೆ. ಚುಚ್ಚಿದ ಕೂಡಲೇ "ಅವ್ವಾ" ಎಂದು ಹಾಡಿಗೆಲ್ಲ ಕೇಳುವಂತೆ ಕೂಗಿಕೊಂಡೆ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. ಕೆಂಚಣ್ಣನಂತೂ ವ್ಯಾನಿಗೆ ಒರಗಿಕೊಂಡು ನಗುತ್ತಿದ್ದ.

ಮಾರಮ್ಮಜ್ಜಿ ನಗಲಿಲ್ಲ. "ಇಲ್ಲೇ ಕುಂತಿರು" ಎಂದು ನನ್ನನ್ನು ಕಲ್ಲಿನ ಮೇಲೆ ಕೂರಿಸಿ, ಎದುರಿಗೆ ಕೂತು, ಎಲೆಗೆ ಸುಣ್ಣ ಸವರಿ, ಅಡಿಕೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯತೊಡಗಿದಳು. ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ. ಎಲ್ಲ ತಾಯಂದಿರೂ ನನ್ನನ್ನೇ ನೋಡುತ್ತಿದ್ದರು. ಸಿಸ್ಟರ್ ಸೂಜಿ ಪೆಟ್ಟಿಗೆ ಹಿಡಿದು ನಿಂತಿದ್ದರು. ತೋಳು ಉರಿಯುತ್ತಿತ್ತು, ಉಜ್ಜಿಕೊಳ್ಳಲೂ ಹೆದರಿಕೆ. ಬಾಯಲ್ಲಿನ ರಸವೆಲ್ಲ ಮುಗಿದ ಮೇಲೆ ಮಾರಮ್ಮಜ್ಜಿ ಪಕ್ಕಕ್ಕೆ ಉಗಿದು, ತಿರುಗಿ, ಹಿಂದೆ ಕೂತವರಿಗೆ ಹೇಳಿದಳು:

"ಬದುಕವ್ನೆ."

ಆಮೇಲೆ ಮೊಮ್ಮಗನನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು, ಎಲ್ಲರಿಗಿಂತ ಮೊದಲು ಅವಳೇ ಬಂದು ಸಿಸ್ಟರ್ ಮುಂದೆ ಕೂತಳು.